ಪಕ್ಕದಂಗಡಿಯ ವಾಸನೆ

ನಮ್ಮೂರಿನಲ್ಲಿ ಪೋಸ್ಟ್‌ಮ್ಯಾನ್ ಕೆಲಸಕ್ಕೆ ಒಂದೇ ಅರ್ಹತೆ ನೋಡುತ್ತಾರೆ. ಹುಟ್ಟಿನಿಂದ ಮೂಗು ಕಟ್ಟಿರಬೇಕು. ಈಗಿರುವ ಪೋಸ್ಟ್‌ಮ್ಯಾನ್‌ಗೆ ಒಮ್ಮೆ ಯಾರೋ ಪುಣ್ಯಾತ್ಮರು ಕಷಾಯ ಕುಡಿಸಿ ಮೂಗು ಬಿಡಿಸಿಬಿಟ್ಟರು. ಮರುದಿನ ಚೀಲ ಹೆಗಲಿಗೇರಿಸಿದವನು ಬೀದಿಯ ತಿರುವಿನವರೆಗೂ ಹೋಗಲಾರದೆ ಕಟ್ಟೆಯ ಮೇಲೆ ಕುಳಿತುಬಿಟ್ಟ. ಚೀಲದಲ್ಲಿ ಒಂದು ಮದುವೆಯ ಕರೆಯೋಲೆ, ಒಂದು ಪ್ರೇಮಪತ್ರ, ದನದ ವ್ಯಾಪಾರದ ಒಂದು ಕಾರ್ಡು ಇದ್ದವು. ಅವನಿಗೆ ಮತ್ತೆ ಮೂಗು ಕಟ್ಟುವವರೆಗೆ ಊರಿಗೆ ಟಪಾಲು ಇರಲಿಲ್ಲ.

ಕೈಯಲ್ಲಿ ಬರೆದ ಪದಕ್ಕೆ ನಮ್ಮಲ್ಲಿ ವಾಸನೆ ಇದೆ. ಬೆಲ್ಲ ಎಂದು ಬರೆದರೆ ಬೆಲ್ಲದ್ದು, ಸೀಮೆಎಣ್ಣೆ ಎಂದು ಬರೆದರೆ ಸೀಮೆಎಣ್ಣೆಯದು. ಅದೂ ಬರೆದವರಿಗೆ ಆ ವಸ್ತು ಹೇಗೆ ಗೊತ್ತೋ ಹಾಗೆ. ಒಂಟೆಯನ್ನೇ ಕಾಣದವನು ಒಂಟೆ ಎಂದು ಬರೆದರೆ ಬರೀ ಸೀಮೆಸುಣ್ಣದ ವಾಸನೆ. ನಾನು ಅರಸ ಎಂದು ಬರೆದರೆ ಮುಖಕ್ಕೆ ಬಳಿಯುವ ಬಣ್ಣ ಮತ್ತು ಬಾಡಿಗೆ ಜರಿಬಟ್ಟೆಯ ಬೆವರು ಬರುತ್ತದೆ, ಏಕೆಂದರೆ ನಾನು ಅರಸರನ್ನು ನೋಡಿದ್ದು ನಾಟಕದಲ್ಲಿ ಮಾತ್ರ. ಅಚ್ಚಾದ ಅಕ್ಷರಕ್ಕೆ ಈ ಕಾಟವಿಲ್ಲ. ಆದ್ದರಿಂದಲೇ ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ತಮ್ಮ ಭರವಸೆಗಳನ್ನು ಹೊರಗೆ ಅಚ್ಚು ಹಾಕಿಸಿ ತರುತ್ತಾರೆ.

ಅಂಗಡಿಯವರು ಮಾತ್ರ ಹಾಗೆ ಮಾಡುವಂತಿಲ್ಲ. ಅಂಗಡಿಯ ಹಲಗೆಯನ್ನು ಮಾಲೀಕರು ತಮ್ಮ ಕೈಯಾರೆ, ಎಲ್ಲರ ಎದುರಿಗೆ ಬರೆಯಬೇಕು. ಹಿಂದೊಮ್ಮೆ ಹಾಲಿನ ಮರಿಯಪ್ಪ ಹೊಸ ಅಂಗಡಿ ತೆರೆದು ದೊಡ್ಡ ಅಕ್ಷರದಲ್ಲಿ ಹಾಲು ಎಂದು ಬರೆದಾಗ, ಘಮ್ಮೆಂದು ಬಾವಿಯ ನೀರಿನ ವಾಸನೆ ಬಂತಂತೆ. ಅಂದಿನಿಂದ ಈ ನಿಯಮ. ಮೂಸಿ ನೋಡಿ ಒಪ್ಪಿಗೆ ಕೊಡಲು ಪುರಸಭೆಯಲ್ಲಿ ಒಬ್ಬರು ಅಧಿಕಾರಿ ಇದ್ದಾರೆ. ಅವರ ನಿಜವಾದ ಹೆಸರು ಏನೋ ಇದೆ, ನಾವು ವಾಸನೆ ಸಾಹೇಬರು ಎನ್ನುತ್ತೇವೆ. ಬಹಳ ಸಂಭಾವಿತರು. ನಶ್ಯ ಮುಟ್ಟುವುದಿಲ್ಲ.

ನನ್ನದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಪ್ರತಿಗೆ ವಾಸನೆ ಇಲ್ಲವಾದ್ದರಿಂದ ನಮ್ಮೂರಿನಲ್ಲಿ ಇದು ಗೌರವದ ಕಸುಬು. ದೊಡ್ಡವರಿಗೆ ಓದುಬರಹ ಕಲಿಸಲು ಸಾಕ್ಷರತಾ ಬೋಧಕರು ಬೇಕು, ತರಬೇತಿಯೆಲ್ಲ ಆನ್‌ಲೈನ್ ಎಂದು ರಾಜಧಾನಿಯಿಂದ ಸುತ್ತೋಲೆ ಬಂದಾಗ, ಕಂಪ್ಯೂಟರ್, ಕ್ಯಾಮೆರಾ ಮತ್ತು ನಾಲ್ಕು ಜನ ಕೂರುವ ಬೆಂಚು ಮೂರೂ ಇದ್ದವನು ಊರಿಗೆ ನಾನೊಬ್ಬನೇ. ಹೀಗೆ ನಾನು ಮೇಷ್ಟ್ರಾದೆ.

ತರಬೇತಿ ಕೊಟ್ಟವರು ಮೃಣಾಲಿನಿ ಮೇಡಂ. ತೆರೆಯ ಮೇಲೆ ಅವರು, ಅವರ ಹಿಂದೆ ಪುಸ್ತಕದ ಕಪಾಟು, ಕಪಾಟಿನ ಮೇಲೆ ಒಂದು ಬೆಕ್ಕು. ಬೆಕ್ಕು ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಬೇರೆ ಬೇರೆ ಹಿನ್ನೆಲೆಯ ಕಲಿಕಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಹೇಗೆ ಎಂಬುದು ಅವರ ಪಾಠ. "ಪ್ರತಿಯೊಬ್ಬರ ಬದುಕಿನಿಂದ ಪದ ತೆಗೆದುಕೊಳ್ಳಿ. ಯಾರ ಮನಸ್ಸಿಗೂ ನೋವಾಗದ ಹಾಗೆ ನೋಡಿಕೊಳ್ಳಿ," ಎಂದು ಅವರು ಹೇಳಿದರು. ಎರಡೂ ಒಳ್ಳೆಯ ಮಾತು. ಎರಡನ್ನೂ ಒಟ್ಟಿಗೆ ಮಾಡಲು ನಮ್ಮೂರಿನಲ್ಲಿ ಆಗುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ವಾಸನೆಯ ವಿಷಯವನ್ನು ತೆರೆಯ ಮೂಲಕ ನಂಬಿಸುವುದು ಕಷ್ಟ. ನಾನು ತಲೆಯಾಡಿಸಿದೆ. ಬೆಕ್ಕೂ ಕಣ್ಣು ಮುಚ್ಚಿ ತೆರೆಯಿತು.

ನನ್ನ ತರಗತಿಗೆ ಬಂದವರು ನಾಲ್ವರು. ನಮ್ಮೂರಿಗೆ ಎಲ್ಲರೂ ಎಲ್ಲಿಂದಲೋ ಬಂದವರೇ, ಹಾಗಾಗಿ ನಾಲ್ವರು ಕೂತರೆ ನಾಲ್ಕು ದಿಕ್ಕು ಕೂತ ಹಾಗೆ. ಕಡಲ ಕಡೆಯ ಸಂಕಮ್ಮ ಹಳೆ ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಒಣಮೀನು ಮಾರುವವಳು. ಬಯಲುಸೀಮೆಯ ದಾದಾಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವರು. ತಾಂಡಾದ ರೂಪ್ಲಿಬಾಯಿ ಗಾರೆ ಕೆಲಸದವಳು. ನಾಲ್ಕನೆಯವರು ಪದ್ಮಾವತಮ್ಮ. ದೇವಸ್ಥಾನದ ಅಡುಗೆಭಟ್ಟರ ಹೆಂಡತಿಯಾಗಿ ಬಂದವರು, ಭಟ್ಟರು ತೀರಿಕೊಂಡ ಮೇಲೆ ಹಿತ್ತಲ ಬಾಗಿಲಲ್ಲಿ ಹಪ್ಪಳ ಮಾರಿ ಬದುಕಿದವರು. ಚಿಕ್ಕಂದಿನಲ್ಲಿ ನಾನು ಅವರ ಮನೆಯ ಹಪ್ಪಳ ಕಾಯುತ್ತೇನೆಂದು ಮಹಡಿ ಹತ್ತಿ, ಕಾಗೆಗಳಿಗಿಂತ ಹೆಚ್ಚು ತಿಂದವನು. ಅವರೆದುರು ನನಗೆ ಇಂದಿಗೂ ಸ್ವರ ಏಳುವುದಿಲ್ಲ.

ಮೊದಲ ದಿನ ನಾನು ಹಲಗೆಯ ಮೇಲೆ ಮನೆ ಎಂದು ಬರೆದೆ. ಸೀದ ಹಾಲು ಮತ್ತು ಬೆನ್ನುನೋವಿನ ಮುಲಾಮಿನ ವಾಸನೆ ತರಗತಿ ತುಂಬಿತು. "ಪಾಪ, ಒಬ್ಬನೇ ಇದ್ದೀಯ ಅಲ್ವೇನೋ ಸಾಂಬು," ಎಂದು ಪದ್ಮಾವತಮ್ಮ ನಿಟ್ಟುಸಿರು ಬಿಟ್ಟರು. ಮರುದಿನ ಬುದ್ಧಿ ಉಪಯೋಗಿಸಿ, ನನ್ನ ಪದ ಬೇಡ, ನೀವೇ ಬರೆಯಿರಿ ಎಂದು ಊಟ ಎಂಬ ಪದದ ಗೆರೆಯ ಮೇಲೆ ಒಬ್ಬೊಬ್ಬರಿಂದ ಕೈಯಾಡಿಸಿದೆ. ರೂಪ್ಲಿಬಾಯಿಯ ಊಟ ರೊಟ್ಟಿ ಮತ್ತು ಕೆಂಪು ಖಾರದ್ದು, ಎಲ್ಲರೂ ಸೀನಿದೆವು. ದಾದಾಸಾಬರ ಊಟದಲ್ಲಿ ಕುರಿಯೂ ಇತ್ತು. ಸಂಕಮ್ಮನದು ಹೇಳಬೇಕಿಲ್ಲ. ಪದ್ಮಾವತಮ್ಮ ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು, ಬೇವಿನ ಮರದ ಕೆಳಗೆ ಬೆನ್ನು ಹಾಕಿ ಕುಳಿತರು.

"ಒಳಗೆ ಬನ್ನಿ ಅಮ್ಮ," ಎಂದೆ.

"ನಾನು ಯಾರನ್ನೂ ಬೇಡ ಅನ್ನಲ್ಲಪ್ಪ. ನನ್ನ ಮೂಗು ಅನ್ನತ್ತೆ."

"ನಿಮ್ಮ ಇಂಗಿನ ವಾಸ್ನೆ ನಾ ತಡ್ಕಂಡ್ ಕೂತಿದ್ದಿಲ್ವಾ?" ಎಂದು ಸಂಕಮ್ಮ ಕಿಟಕಿಯಿಂದ ಕೇಳಿದಳು. "ನನ್ನ ಮೂಗಿಗೆ ಬಾಯಿಲ್ಲೆ, ಅಷ್ಟೇ."

ಮಾತು ಬೆಳೆಯುವುದರಲ್ಲಿತ್ತು. ದಾದಾಸಾಬ್ ಗಡ್ಡ ನೀವುತ್ತ, "ಜಗಳ ಯಾಕ ಬೇಕ್ರಿ ಮಾಸ್ತರ? ವಾಸನಿ ಇಲ್ಲದ ಶಬ್ದಾನೂ ಅದಾವಲ್ಲ. ಅವನ್ನ ಕಲಸ್ರಿ," ಎಂದರು.

ಇಡೀ ಊರಿಗೆ ಒಪ್ಪಿಗೆಯಾಗುವಂಥ ಮಾತು. ನಮ್ಮವರು ಜಗಳ ಬಗೆಹರಿಸುವುದೇ ಹೀಗೆ, ಯಾರಿಗೂ ಬೇಡದ್ದನ್ನು ಎಲ್ಲರಿಗೂ ಸಮನಾಗಿ ಹಂಚಿ. ಅಂದಿನಿಂದ ನನ್ನ ತರಗತಿಯಲ್ಲಿ ಆದರೆ, ಅಥವಾ, ಹಾಗಾಗಿ, ಬಹುಶಃ, ಇತ್ಯಾದಿ ಎಂಬ ಪದಗಳ ಪಾಠ ಶುರುವಾಯಿತು. ಯಾವುದಕ್ಕೂ ವಾಸನೆ ಇಲ್ಲ. ಪದ್ಮಾವತಮ್ಮ ಮತ್ತೆ ಬೆಂಚಿಗೆ ಬಂದರು. ಎಲ್ಲರೂ ಚೆನ್ನಾಗಿ ಕಲಿತರು. ರೂಪ್ಲಿಬಾಯಿ ಕಟ್ಟುತ್ತಿದ್ದ ಗೋಡೆಯ ಹಸಿ ಗಾರೆಯ ಮೇಲೆ ಕರಣೆಯಿಂದ ಬಹುಶಃ ಎಂದು ಬರೆದು ಮನೆ ಕಟ್ಟಿಸುತ್ತಿದ್ದವರನ್ನು ಗಾಬರಿಪಡಿಸಿದಳು. ದಾದಾಸಾಬ್ ಒಂದು ಮಧ್ಯಾಹ್ನ ಪತ್ರಿಕೆ ಹಿಡಿದುಕೊಂಡು ಬಂದು, "ಪೂರಾ ಓದಿದೆ ನೋಡ್ರಿ," ಎಂದರು. "ಎಲ್ಲಾ ಆದರೆನೂ ಓದಿದೆ, ಎಲ್ಲಾ ಅಥವಾನೂ ಓದಿದೆ. ನಡುವ ಏನೇನೋ ಬರದಾರ, ಅದು ನಮಗ್ಯಾಕ."

ತೆರೆಯ ಮೇಲೆ ಮೇಡಂಗೆ ವರದಿ ಒಪ್ಪಿಸಿದೆ. ತರಗತಿಯಲ್ಲಿ ಜಗಳವಿಲ್ಲ, ಹಾಜರಿ ಪೂರ್ತಿ ಇದೆ ಎಂದೆ. ಅವರಿಗೆ ಸಂತೋಷವಾಯಿತು. ಕಲಿಕಾರ್ಥಿಗಳು ಯಾವ ಪದ ಇಷ್ಟಪಡುತ್ತಾರೆ ಎಂದು ಕೇಳಿದರು. ಇತ್ಯಾದಿ ಎಂದೆ.

ಹೀಗೆ ಸುಖವಾಗಿದ್ದಾಗ ಪುರಸಭೆಯವರು ಹೊಸ ಮಾರುಕಟ್ಟೆ ಕಟ್ಟಿ ಮುಗಿಸಿದರು. ರಸ್ತೆಬದಿಯ ವ್ಯಾಪಾರಿಗಳಿಗೆಲ್ಲ ಅದರಲ್ಲಿ ಒಂದೊಂದು ಮಳಿಗೆ. ಬರುವ ಸೋಮವಾರ ವಾಸನೆ ಸಾಹೇಬರ ಎದುರು ಹಲಗೆ ಬರೆದವರಿಗೆ ಮಳಿಗೆಯ ಬೀಗದ ಕೈ. ಬರೆಯದವರಿಗೆ ಇಲ್ಲ. ಹಳೆ ಬಸ್‌ಸ್ಟ್ಯಾಂಡಿನ ಹುಣಸೆಮರವನ್ನು ಆ ವಾರವೇ ಕಡಿಯುವುದಿತ್ತು. ಎಂದರೆ ಸಂಕಮ್ಮನಿಗೆ ಮಳಿಗೆ ಸಿಗಲಿಲ್ಲವೆಂದರೆ ಕೂರಲು ಜಾಗವೇ ಇಲ್ಲ. ಪದ್ಮಾವತಮ್ಮನವರೂ ಅರ್ಜಿ ಹಾಕಿದ್ದರು. ಚೀಟಿ ಎತ್ತಿದಾಗ ಇಬ್ಬರಿಗೂ ಅಕ್ಕಪಕ್ಕದ ಮಳಿಗೆ ಬಂದಿತ್ತು. ಚೀಟಿಗೆ ಮೂಗಿಲ್ಲವಲ್ಲ.

ಸಂಕಮ್ಮ ಅಂದು ತರಗತಿಗೆ ಬುಟ್ಟಿಯ ಸಮೇತ ಬಂದಳು. ಕೂರಲಿಲ್ಲ.

"ಮೇಷ್ಟ್ರೆ, ನಾನು ಆದರೆ ಮಾರೂದಲ್ಲ, ಅಥವಾ ಮಾರೂದಲ್ಲ. ಒಣಮೀನ್ ಮಾರೂದು. ಅದನ್ನ ಬರಿಯೂಕೆ ಕಲ್ಸಿ."

ನಾನು ಪದ್ಮಾವತಮ್ಮನವರ ಕಡೆ ನೋಡಿದೆ. ಅವರು ಸೀಲಿಂಗ್ ಫ್ಯಾನ್ ಕಡೆ ನೋಡಿದರು.

"ಹೀಗೆ ಮಾಡೋಣ," ಎಂದೆ. "ನೀನು ಬೆಳಿಗ್ಗೆ ಬೇಗ ಬಾ. ಅಂಗಡಿಯ ಹಿತ್ತಲಲ್ಲಿ ಬೇರೆಯಾಗಿ ಹೇಳಿಕೊಡ್ತೀನಿ. ಗಾಳಿ ಆ ಕಡೆಗೆ ಹೋಗತ್ತೆ."

"ನನ್ನ ಮೀನ್ ಊರಿಗೆಲ್ಲ ಬೇಕು. ಪದ ಮಾತ್ರ ಹಿತ್ಲಲ್ಲಿ ಬರಿಯೂದಾ?" ಎಂದಳು ಸಂಕಮ್ಮ. ಕೂಗಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಆ ದಿನ ಯಾರೂ ಸರಿಯಾಗಿ ಇತ್ಯಾದಿ ಬರೆಯಲಿಲ್ಲ.

ಅಂದೇ ಮೇಡಂಗೆ ಕರೆ ಮಾಡಿದೆ. "ಮೇಡಂ, ಒಬ್ಬರ ಪದ ಇನ್ನೊಬ್ಬರ ಮೂಗಿಗೆ ಹಿಡಿಸದಿದ್ದರೆ ಏನು ಮಾಡಬೇಕು?"

ಅವರು ಕನ್ನಡಕ ತೆಗೆದರು. "ಎಷ್ಟು ಚೆನ್ನಾಗಿ ಹೇಳಿದಿರಿ ಸಾಂಬಶಿವ ಅವರೇ. ಮೂಗಿಗೆ ಹಿಡಿಸದಿದ್ದರೆ. ಇದನ್ನು ಮುಂದಿನ ತರಬೇತಿಯಲ್ಲಿ ಬಳಸಿಕೊಳ್ಳಲಾ?"

"ಬಳಸಿಕೊಳ್ಳಿ ಮೇಡಂ. ಆದರೆ ಏನು ಮಾಡಬೇಕು?"

ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಇನ್ನೊಬ್ಬರನ್ನು ಹೊರಗೆ ಕಳಿಸಬೇಡಿ," ಎಂದರು. "ಎಲ್ಲರೂ ಇರುವಾಗಲೇ ಬರೆಸಿ. ನೀವು ನಡುವೆ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಶನಿವಾರ ನಾನೂ ನಿಮ್ಮ ತರಗತಿ ನೋಡುತ್ತೇನೆ."

ಹುಣಸೆಮರದ ಹತ್ತಿರ ಹೋಗಿ ಸಂಕಮ್ಮನಿಗೆ ಹೇಳಿದೆ, ಎಲ್ಲರ ಎದುರಿಗೇ ಬರೆಯುವೆಯಂತೆ ಎಂದು. ಆಕೆ ಮೀನು ಕಟ್ಟಿಕೊಡುತ್ತ, "ಅಮ್ಮ ಬತ್ರಾ?" ಎಂದು ಕೇಳಿದಳು. ಪದ್ಮಾವತಮ್ಮನವರ ಹಿತ್ತಲ ಬಾಗಿಲಿಗೆ ಹೋಗಿ ಅದನ್ನೇ ಹೇಳಿದೆ. ಅವರು ಹಿಟ್ಟು ಕುಟ್ಟುವುದು ನಿಲ್ಲಿಸದೆ, "ನಾನು ಯಾಕೆ ಬರಬಾರದು? ನನಗೂ ಹಪ್ಪಳ ಬರೆಯೋಕೆ ಬರಲ್ಲ," ಎಂದರು.

ಶನಿವಾರ ಕಂಪ್ಯೂಟರನ್ನು ಸ್ಟೂಲಿನ ಮೇಲಿಟ್ಟು ತೆರೆಯನ್ನು ಹಲಗೆಯ ಕಡೆಗೆ ತಿರುಗಿಸಿದೆ. ಮೇಡಂ ನಮಸ್ಕಾರ ಹೇಳಿದರು. ಬೆಕ್ಕು ಹಾಜರಿತ್ತು. ನಾಲ್ವರೂ ಬಂದಿದ್ದರು, ಪದ್ಮಾವತಮ್ಮ ಬಾಗಿಲ ಹತ್ತಿರದ ಜಾಗ ಹಿಡಿದಿದ್ದರು.

ಅಕ್ಷರದ ರೂಪ ತೋರಿಸಲೆಂದು ಮೊದಲು ನಾನು ಬರೆದೆ: ಒಣಮೀನು. ಎಲ್ಲರೂ ಉಸಿರು ಬಿಗಿಹಿಡಿದರು. ಬಂದದ್ದು ಮಡಿಚಿಟ್ಟ ಬಟ್ಟೆಯ, ಸೋಪಿನ, ಸ್ವಲ್ಪ ಪೌಡರಿನ ವಾಸನೆ. ನನಗೆ ತಕ್ಷಣ ಗುರುತು ಸಿಕ್ಕಿತು, ಸಂಕಮ್ಮನಿಗೂ ಸಿಕ್ಕಿತು.

"ಇದು ನಿಮ್ಮ ಕರ್ಚೀಫು ಅಲ್ದಾ ಮೇಷ್ಟ್ರೆ," ಎಂದಳು. "ಮರದ ಕೆಳ್ಗೆ ಬರೂತಿಗೆ ಮೂಗಿಗೆ ಹಿಡ್ಕಂತ್ರಲ್ಲ, ಅದೇ."

ದಾದಾಸಾಬ್ ಮೆತ್ತಗೆ ಕೆಮ್ಮಿದರು. ಅದು ನಗುವೆಂದು ನನಗೆ ಗೊತ್ತು. ನಾನು ಸೀಮೆಸುಣ್ಣ ಸಂಕಮ್ಮನ ಕೈಗೆ ಕೊಟ್ಟು, ಮೇಡಂ ಹೇಳಿದ್ದಂತೆ ಪಕ್ಕಕ್ಕೆ ಸರಿದೆ.

ಸಂಕಮ್ಮ ಬರೆದಳು. ರೂಪ ಸರಿಯಾಗಿತ್ತು. ಆದರೆ ಬರೀ ಸೀಮೆಸುಣ್ಣದ ವಾಸನೆ. ಒರೆಸಿ ಇನ್ನೊಮ್ಮೆ ಬರೆದಳು. ಮತ್ತೆ ಸೀಮೆಸುಣ್ಣ. ದಿನವಿಡೀ ಮೀನಿನ ಜೊತೆ ಇರುವವಳ ಕೈಯಿಂದಲೂ, ಒಂಟೆ ಕಾಣದವನು ಒಂಟೆ ಎಂದು ಬರೆದಷ್ಟೇ ವಾಸನೆ ಬಂತು. ಸೋಮವಾರ ಇಂಥ ಹಲಗೆ ಹಿಡಿದರೆ ಸಾಹೇಬರು ಬೀಗದ ಕೈ ಕೊಡುವುದಿಲ್ಲ. ನಿನ್ನ ಸರಕಿನ ಪರಿಚಯ ನಿನಗೇ ಇಲ್ಲ ಎಂದು ಬರೆದುಕೊಳ್ಳುತ್ತಾರೆ. ಸಂಕಮ್ಮ ಅದನ್ನೂ ಒರೆಸಿ ಮೂರನೆಯ ಸಲ ಬರೆಯತೊಡಗಿದಳು.

ಕಾರಣ ಮೊದಲು ಕಂಡದ್ದು ಪದ್ಮಾವತಮ್ಮನವರಿಗೆ. "ಸಾಂಬು," ಎಂದರು ಮೆಲ್ಲಗೆ, "ಅವಳು ಒಂದೊಂದು ಅಕ್ಷರಕ್ಕೂ ನನ್ನ ಮುಖ ನೋಡ್ತಿದಾಳೆ ಕಣೋ. ಮೀನು ಎಲ್ಲಿಂದ ಬರಬೇಕು?"

ಅವರು ಎದ್ದು ನಿಂತರು. ಹೊರಟರು ಎಂದೇ ನಾವೆಲ್ಲ ತಿಳಿದೆವು. ಸಂಕಮ್ಮ ಸೀಮೆಸುಣ್ಣ ಕೆಳಗಿಟ್ಟಳು. ಆದರೆ ಪದ್ಮಾವತಮ್ಮ ಬಾಗಿಲ ಕಡೆ ಹೋಗದೆ ಹಲಗೆಯ ಹತ್ತಿರ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದು ಪ್ರಶ್ನೆ ಕೇಳಿದರು.

"ಅದನ್ನ ಯಾವುದರ ಮೇಲೆ ಒಣಗಿಸ್ತೀಯೇ?"

ಸಂಕಮ್ಮ ಮೀನು ಹರಡುವ ಹಾಗೆ ಕೈಯಾಡಿಸಿದಳು. "ಚಾಪೆ ಮೇಲೆ. ಮುಂಚೆ ಕಡಲ ದಡದ ಹೊಯ್ಗೆ ಮೇಲೇ ಹರಡ್ತಿದ್ರು."

"ಕಾಗೆ ಬರಲ್ವೇ?"

"ಬರ್ದೇ ಇರ್ತಾ? ಬೇರೆ ಕೆಲ್ಸ ಎಂತ ಇತ್ತು ಅದ್ಕೆ?"

"ನನ್ನ ಮಹಡಿ ಮೇಲೆ ಒಂದು ಕಾಗೆ ಇದೆ, ಕಪ್ಪು ಬಟ್ಟೆ ಕಟ್ಟಿದರೆ ಆ ಬಟ್ಟೆ ಮೇಲೇ ಕೂತು ತಿನ್ನತ್ತೆ. ಬರಿ ಬರಿ, ಕೈ ನಿಲ್ಲಿಸಬೇಡ."

ಸಂಕಮ್ಮ ಮತ್ತೆ ಸೀಮೆಸುಣ್ಣ ಎತ್ತಿಕೊಂಡು ಒ ಬರೆದಳು. "ನನ್ನ ಹೆತ್ತ ಅಬ್ಬಿ ಕೋಲ್ ಹಿಡ್ಕಂಡ್ ಕೂತಿರ್ತಿತ್ತು. ನಾ ಸಣ್ಣೋಳು, ಅದರ ಸೆರಗಿನ ನೆಳ್ಳಲ್ಲಿ ಮಲ್ಕಂತಿದ್ದೆ."

"ಮೋಡ ಆದ್ರೆ?"

"ಮೋಡ ಆಯ್ತಂದ್ರೆ ಅನ್ನ ಬಿಟ್ಟು ಓಡೂದೇ. ಒಂದ್ ಹನಿ ಬಿದ್ರೂ ಹಾಳು."

"ಅದೇ ಮತ್ತೆ. ನಮ್ಮ ಭಟ್ಟರು ತಟ್ಟೆಗೆ ಕೈ ಹಾಕಿದಾಗಲೇ ಮೋಡ ಆಗ್ತಿತ್ತು. ಉಪ್ಪು ಯಾವಾಗ ಹಾಕ್ತೀಯ?"

"ಒಣ್ಗೂಕೆ ಮುಂಚೆ. ಕೈಯೇ ಲೆಕ್ಕ."

"ನನಗೂ ಕೈಯೇ ಲೆಕ್ಕ," ಎಂದರು ಪದ್ಮಾವತಮ್ಮ.

ಇಷ್ಟರಲ್ಲಿ ಸಂಕಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಲಗೆಯ ಮೇಲಿನಿಂದ ಮೊದಲು ಬಂದದ್ದು ಕಾದ ಮರಳು. ಆಮೇಲೆ ಚಾಪೆ, ಉಪ್ಪು, ಬಿಸಿಲಿಗೆ ಬಾಡಿದ ಹಳೆಯ ಸೀರೆಯ ನೆರಳು. ಆಮೇಲೆ ಮೀನು ಬಂತು. ಬಂತು ಎಂದರೆ ಸುಮ್ಮನೆ ಬರಲಿಲ್ಲ. ರೂಪ್ಲಿಬಾಯಿ ಓಡಿಹೋಗಿ ಕಿಟಕಿ ತೆಗೆದಳು. ದಾದಾಸಾಬ್ ಗಡ್ಡವನ್ನೇ ಮೇಲಕ್ಕೆತ್ತಿ ಮೂಗಿಗೆ ಒತ್ತಿಕೊಂಡರು. ನನ್ನ ಕೈ ಜೇಬಿನ ಕರ್ಚೀಫಿಗೆ ಹೋಯಿತು, ಸಂಕಮ್ಮ ತಿರುಗಿ ನೋಡಿದಳು, ಕೈ ಖಾಲಿಯಾಗಿ ಹೊರಗೆ ಬಂತು.

ಪದ್ಮಾವತಮ್ಮ ಹಲಗೆಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದರು. ಕಣ್ಣಲ್ಲಿ ನೀರು ಬಂದಿತ್ತು, ಮುಖ ಕೆಂಪಾಗಿತ್ತು, ಕದಲಲಿಲ್ಲ. "ಬಂತು ಕಣೇ," ಎಂದರು. "ಚೆನ್ನಾಗಿ ಬಂತು. ಈಗ ನಾನು ಉಸಿರಾಡಲಾ?"

"ಆಡಿ ಅಮ್ಮ, ಆಡಿ," ಎಂದು ಸಂಕಮ್ಮ ತನ್ನ ಸೆರಗಿನಿಂದಲೇ ಅವರಿಗೆ ಗಾಳಿ ಬೀಸಿದಳು. ಅದರಿಂದ ವಾಸನೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ತೆರೆಯ ಮೇಲಿಂದ ಮೇಡಂ ದನಿ ಬಂತು. "ಸಾಂಬಶಿವ ಅವರೇ, ನನಗೆ ಸರಿಯಾಗಿ ಕಾಣಿಸುತ್ತಿಲ್ಲ. ಎಲ್ಲರೂ ಮುಖ ಮುಚ್ಚಿಕೊಂಡಿದ್ದೀರಿ. ಅಳುತ್ತಿದ್ದೀರಾ?"

"ಹೌದು ಮೇಡಂ," ಎಂದೆ.

"ಒಂದು ಪದ ಬರೆದಿದ್ದಕ್ಕೆ," ಎಂದವರೇ ಅವರೂ ಕಣ್ಣೊರೆಸಿಕೊಂಡರು. ಆ ಬೆಕ್ಕು ಮಾತ್ರ ಎದ್ದು ನಿಂತು, ತೆರೆಗೆ ತೀರ ಹತ್ತಿರ ಬಂದು, ಮೂತಿ ಚಾಚಿ ಬಹಳ ಹೊತ್ತು ಏನನ್ನೋ ಹುಡುಕಿತು. ನಾನು ಏನನ್ನೂ ಹೇಳುವುದಿಲ್ಲ. ಕಂಡದ್ದನ್ನು ಹೇಳಿದೆ ಅಷ್ಟೇ.

ಸೋಮವಾರ ಮಾರುಕಟ್ಟೆಯಲ್ಲಿ ಜನವೋ ಜನ. ವಾಸನೆ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಹಲಗೆಗಳ ನಡುವೆ ಮೂಗಿಗೆ ವಿಶ್ರಾಂತಿ ಕೊಡಲು ತಾಮ್ರದ ಚೊಂಬಿನಲ್ಲಿ ನೀರಿಟ್ಟುಕೊಂಡು ಬಂದಿದ್ದರು. ಸಂಕಮ್ಮನ ಸರದಿ ಬಂದಾಗ ಅವಳು ಬಿಳಿಬಣ್ಣದ ಕುಂಚ ಹಿಡಿದು ಒಂದೇ ಉಸಿರಿಗೆ ಬರೆದಳು. ಸಾಹೇಬರು ಬಗ್ಗಿದರು, ಹಾಗೆಯೇ ಹಿಂದಕ್ಕೆ ಹಾರಿ ನಿಂತರು. "ಸಂಶಯವೇ ಇಲ್ಲ," ಎಂದು ಬೀಗದ ಕೈ ಕೊಟ್ಟರು. ಸಂಕಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಾಳಿಯ ಸರಕ್ಕೆ ಪೋಣಿಸಿಕೊಂಡಳು.

ಪಕ್ಕದ ಮಳಿಗೆಯ ಮುಂದೆ ಪದ್ಮಾವತಮ್ಮ ಹಪ್ಪಳ ಎಂದು ಬರೆದರು. ನಿಧಾನವಾಗಿ, ಒತ್ತಿ ಒತ್ತಿ, ಲಟ್ಟಣಿಗೆ ಉರುಳಿಸಿದ ಹಾಗೆ. ಸಾಹೇಬರು ನೀರು ಮುಕ್ಕಳಿಸಿ ಹಲಗೆಗೆ ಮೂಗು ಹಿಡಿದರು. ಉದ್ದು, ಇಂಗು, ಜೀರಿಗೆ, ಮಹಡಿಯ ಬಿಸಿಲು. ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ತಲೆಯಾಡುವುದು ನಿಂತಿತು. ಇನ್ನೊಮ್ಮೆ ಮೂಸಿದರು.

"ಅಮ್ಮ, ಇದರ ಹಿಂದೆ ಇನ್ನೇನೋ ಇದೆಯಲ್ಲ."

ಜನ ಹಲಗೆಯ ಕಡೆಗೆ ನೂಕಿಕೊಂಡು ಬಂದರು. ಹಲಗೆಯಲ್ಲಿ ಬೇರೆ ವಾಸನೆ ಸಿಕ್ಕಿದರೆ ಮಳಿಗೆ ಇಲ್ಲ, ಮರಿಯಪ್ಪನ ಕಾಲದಿಂದ ಇದೇ ನಿಯಮ. ಪದ್ಮಾವತಮ್ಮನವರ ಹಪ್ಪಳ ಹೋಗುವುದು ಮದುವೆಯ ಅಡುಗೆಮನೆಗೆ, ದೇವಸ್ಥಾನದ ಸಂತರ್ಪಣೆಗೆ. ಆ ಹಿಂದಿನದು ಏನೆಂದು ಸಾಹೇಬರು ಬಾಯಿಬಿಟ್ಟು ಹೇಳಿದರೆ ಅಲ್ಲಿನ ವ್ಯಾಪಾರ ಮುಗಿದ ಹಾಗೆ.

ಪದ್ಮಾವತಮ್ಮ ಕುಂಚವನ್ನು ಡಬ್ಬಿಯಲ್ಲಿಟ್ಟು, ಕೈ ಒರೆಸಿಕೊಂಡು, "ಅದು ಪಕ್ಕದಂಗಡೀದು," ಎಂದರು.

"ಹೌದು ಸಾಹೇಬ್ರೆ, ನಂದೇ," ಎಂದಳು ಸಂಕಮ್ಮ ಆಚೆಯಿಂದ.

ಸಾಹೇಬರು ಕರ್ತವ್ಯನಿಷ್ಠರು. ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಾರುಕಟ್ಟೆಯ ಆಚೆ ತುದಿಗೆ, ಹೂವಿನ ಮಳಿಗೆಗಳನ್ನೂ ದಾಟಿ ನಡೆದರು. ನಾನೂ ಹಿಂದೆ ಹೋದೆ. ಅಲ್ಲಿ ನಿಂತು ಅವರು ಮೂಸಿದರು. ನನಗೂ ಬಂತು. ತುಂಬ ತೆಳ್ಳಗೆ, ಉದ್ದು ಇಂಗುಗಳ ಬೆನ್ನ ಹಿಂದೆ, ಕಾದ ಮರಳು, ಉಪ್ಪು, ಆಮೇಲೆ ಬರುವುದು. ಸಾಹೇಬರು ನನ್ನ ಮುಖ ನೋಡಿದರು. ನಾನು ಕರ್ಚೀಫು ತೆಗೆದು ಕನ್ನಡಕ ಒರೆಸಿದೆ. ಅವರು ದೂರದಲ್ಲಿ ಪಕ್ಕಪಕ್ಕ ನಿಂತಿದ್ದ ಆ ಇಬ್ಬರು ಹೆಂಗಸರನ್ನು ನೋಡಿದರು. ಕೊನೆಗೆ, "ಗಾಳಿ ಈ ಕಡೆಗೇ ಬೀಸ್ತಾ ಇದೆ," ಎಂದು ಹಲಗೆ ತಂದು ತಾವೇ ಮೊಳೆಗೆ ತೂಗುಹಾಕಿ ಬೀಗದ ಕೈ ಕೊಟ್ಟರು.

ಅಂದು ಎಲೆಯೂ ಅಲುಗುತ್ತಿರಲಿಲ್ಲ.

ದಾದಾಸಾಬ್ ಈಗ ಪತ್ರಿಕೆಯಲ್ಲಿ ನಡುವಿನದ್ದನ್ನೂ ಓದುತ್ತಾರೆ. ಮೊದಲೇ ಚೆನ್ನಾಗಿತ್ತು ಎನ್ನುತ್ತಾರೆ. ಸಂಕಮ್ಮ ಶನಿವಾರ ಅಂಗಡಿ ತೆಗೆಯುವುದಿಲ್ಲ, ಕಡಲಿಗೆ ಸರಕು ತರಲು ಹೋಗುತ್ತಾಳೆ. ಹಲಗೆಯನ್ನೂ ಒಳಗಿಟ್ಟು, ನೆಲ ತೊಳೆದು, ಬೀಗ ಹಾಕಿ ಹೋಗುತ್ತಾಳೆ. ಅಂಥ ದಿನ ಹಪ್ಪಳ ಕೊಳ್ಳಲು ಬಂದ ಹೊಸಬರು ಮೂಗರಳಿಸಿ, ಇದೇನಮ್ಮ ವಾಸನೆ ಎಂದರೆ, ಪದ್ಮಾವತಮ್ಮ ಹಪ್ಪಳ ಕಟ್ಟುವ ಕೈ ನಿಲ್ಲಿಸದೆ ಪಕ್ಕದ ಮುಚ್ಚಿದ ಬಾಗಿಲ ಕಡೆ ಗದ್ದ ತೋರಿಸುತ್ತಾರೆ.

"ಪಕ್ಕದಂಗಡೀದು," ಎನ್ನುತ್ತಾರೆ. "ಅವಳು ಇವತ್ತು ಬಂದಿಲ್ಲ."